ಮೂರು ಪಾಳಿ, ಒಂದೇ ಹ್ಯಾಂಡ್‌ಹೆಲ್ಡ್: ಸ್ಮಾರ್ಟ್ ಕಾರ್ಡ್ ಲಾಗಿನ್ ಕಟ್ಟಿದ ದಾಖಲೆ

ಗೋದಾಮಿನಲ್ಲಿ ಒಂದು ಹ್ಯಾಂಡ್‌ಹೆಲ್ಡ್, ಅಂದರೆ ಸರಕು ಸ್ಕ್ಯಾನ್ ಮಾಡುವ ಕೈಸಾಧನ, ದಿನಕ್ಕೆ ಮೂರು ಜನರ ಕೈ ದಾಟುತ್ತದೆ. ಬೆಳಗಿನ ಪಾಳಿಯವರು ಇಟ್ಟದ್ದನ್ನು ಮಧ್ಯಾಹ್ನದವರು ಎತ್ತಿಕೊಳ್ಳುತ್ತಾರೆ, ರಾತ್ರಿ ಇನ್ನೊಬ್ಬರು. ಇಂಥ ಕಡೆ ಪಾಸ್‌ವರ್ಡ್ ಇಟ್ಟರೆ ಅದು ಬೇಗನೆ ಸಾಧನದ ಬೆನ್ನಿಗೆ ಅಂಟಿಸಿದ ಚೀಟಿಯಾಗುತ್ತದೆ. ಗ್ಲೌಸ್ ಹಾಕಿದ ಕೈಗೆ ಬೆರಳಚ್ಚು ಒಗ್ಗುವುದಿಲ್ಲ. ಹೇಗೂ ಎಲ್ಲರ ಕೊರಳಲ್ಲಿ ಗುರುತಿನ ಕಾರ್ಡ್ ಇರುತ್ತದೆ. ಅದನ್ನೇ ಚಿಪ್ ಇರುವ ಕಾರ್ಡ್ ಮಾಡಿ ಲಾಗಿನ್‌ಗೆ ಬಳಸುವುದು ಈ ಕೆಲಸ. ಲೆಕ್ಕ: 20 ಹ್ಯಾಂಡ್‌ಹೆಲ್ಡ್, 60 ಜನ, 5 ಚಾರ್ಜಿಂಗ್ ಕಟ್ಟೆ. ಹ್ಯಾಂಡ್‌ಹೆಲ್ಡ್‌ಗಳು ಆಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹೊಸವು. ಎಲ್ಲದರಲ್ಲೂ ಎನ್‌ಎಫ್‌ಸಿ (ಕಾರ್ಡ್ ತಾಗಿಸಿ ಓದುವ ರೇಡಿಯೊ) ಮತ್ತು ಟೈಪ್-ಸಿ ಪೋರ್ಟ್ ಇರಬೇಕು.

ಶುರುವಿನಲ್ಲೇ ತೀರ್ಮಾನಿಸಬೇಕಾದ ವಿಷಯ ಒಂದಿದೆ. ಕಾರ್ಡ್ ಓದಿ, ಸರಿಯಿದ್ದರೆ ಪರದೆ ತೆರೆಯುವ ಆ್ಯಪ್ ಬರೆಯುವುದು ಸುಲಭ, ಆದರೆ ಅಷ್ಟಕ್ಕೇ ಡೇಟಾಕ್ಕೆ ರಕ್ಷಣೆ ಸಿಗುವುದಿಲ್ಲ. ಹಂಚಿಕೊಂಡು ಬಳಸುವ ಸಾಧನದಲ್ಲಿ ಆಂಡ್ರಾಯ್ಡ್‌ನ ಸ್ವಂತ ಲಾಕ್ ಸ್ಕ್ರೀನ್ ಸಾಮಾನ್ಯವಾಗಿ ಇರುವುದೇ ಇಲ್ಲ. ಲಾಕ್ ಸ್ಕ್ರೀನ್ ಇಲ್ಲದಿದ್ದರೆ ಸ್ಟೋರೇಜ್‌ನ ಗೂಢಲಿಪಿ ಯಾರ ಗುಟ್ಟನ್ನೂ ಕೇಳದೆ ಬೂಟ್ ಆದ ಕೂಡಲೇ ತೆರೆದುಕೊಳ್ಳುತ್ತದೆ. ಕಿಯೋಸ್ಕ್ ಆ್ಯಪ್‌ನ (ಸಾಧನವನ್ನು ಒಂದೇ ಕೆಲಸಕ್ಕೆ ಕಟ್ಟಿಹಾಕುವ ಆ್ಯಪ್) ಪರದೆ ದಾಟಿದವರಿಗೆ ಸ್ಟಾಕ್ ಪಟ್ಟಿ, ಗ್ರಾಹಕರ ವಿಳಾಸ ಎಲ್ಲ ಕಾಣುತ್ತದೆ. ಆದ್ದರಿಂದ ಡೇಟಾ ಬಿಚ್ಚುವ ಕೀಲಿ ಕಾರ್ಡ್ ಇಲ್ಲದೆ ಹೊರಬರಲೇಬಾರದು. ಕೆಳಗಿನ ವಿನ್ಯಾಸವೆಲ್ಲ ಈ ಒಂದು ಷರತ್ತಿನ ಮೇಲೆ ನಿಂತಿದೆ.

ಈಗಿರುವ ಬಾಗಿಲಿನ ಕಾರ್ಡ್ ಸಾಲದೇ?

ಸಾಲದು. ಎಷ್ಟೋ ಕಚೇರಿಗಳ ಬಾಗಿಲಿನ ಕಾರ್ಡ್ 125 ಕಿಲೋಹರ್ಟ್ಸ್‌ನದು, 13.56 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಎನ್‌ಎಫ್‌ಸಿಗೆ ಅದು ಕಾಣುವುದೇ ಇಲ್ಲ. 13.56ರದ್ದೇ ಆದರೂ ಅದು ಮೈಫೇರ್ ಕ್ಲಾಸಿಕ್ ಎಂಬ ಹಳೆ ಬಗೆಯದ್ದಾಗಿದ್ದರೆ ಪ್ರಯೋಜನವಿಲ್ಲ: ಅದರ 48 ಬಿಟ್‌ನ ಕ್ರಿಪ್ಟೊ-1 ಲಿಪಿಯನ್ನು ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಮುರಿದು ತೋರಿಸಿದ್ದಾರೆ. ಕಾರ್ಡ್‌ನ ಯುಐಡಿ, ಅಂದರೆ ಅದರ ಕ್ರಮಸಂಖ್ಯೆ, ಓದಿ ಪಟ್ಟಿಯಲ್ಲಿ ಹೋಲಿಸುವ ದಾರಿ ಇನ್ನೂ ಕೆಟ್ಟದ್ದು. ಯುಐಡಿ ಗುಟ್ಟಲ್ಲ; ಹತ್ತಿರ ಬಂದ ಯಾವ ರೀಡರ್‌ಗಾದರೂ ಕಾರ್ಡ್ ತಾನಾಗಿ ಅದನ್ನು ಹೇಳುತ್ತದೆ, ಬೇಕಾದ ಯುಐಡಿ ಬರೆದುಕೊಳ್ಳುವ ಖಾಲಿ ಕಾರ್ಡ್‌ಗಳೂ ಮಾರುಕಟ್ಟೆಯಲ್ಲಿವೆ. ಖಾಸಗಿ ಕೀಲಿಯನ್ನು (ಡಿಜಿಟಲ್ ಸಹಿ ಹಾಕುವ ಗುಟ್ಟಿನ ಸಂಖ್ಯೆ) ಒಳಗೇ ಹುಟ್ಟಿಸಿ, ಒಳಗೇ ಇಟ್ಟುಕೊಂಡು, ಕೇಳಿದಾಗ ಸಹಿ ಮಾತ್ರ ಹೊರಗೆ ಕೊಡುವ ಕಾರ್ಡ್ ಬೇಕು. ಜಿಎಸ್‌ಟಿ, ಟೆಂಡರ್‌ಗೆ ಬಳಸುವ ಡಿಎಸ್‌ಸಿ (ಡಿಜಿಟಲ್ ಸಹಿಯ) ಟೋಕನ್ನಿನ ಒಳಗಿರುವುದೂ ಇದೇ ಜಾತಿಯ ಚಿಪ್. ಹಾಗೆಂದು ಮಾಲೀಕರ ಡಿಎಸ್‌ಸಿಯನ್ನು ಪ್ರಯೋಗಕ್ಕೆ ಎತ್ತಿಕೊಳ್ಳಬೇಡಿ; ಪಿನ್ ಲಾಕ್ ಆದರೆ ರಿಟರ್ನ್ ಸಲ್ಲಿಕೆಯೇ ನಿಲ್ಲುತ್ತದೆ.

ಸಾಮಾನು

ಕಾರ್ಡ್: ಜಾವಾ ಕಾರ್ಡ್ (ಒಳಗೆ ಆಪ್ಲೆಟ್ ಎಂಬ ಪುಟ್ಟ ಪ್ರೋಗ್ರಾಂ ಓಡಿಸುವ ಚಿಪ್ ಕಾರ್ಡ್), ಜೆಕಾಪ್ 4 ವ್ಯವಸ್ಥೆಯದು, ಮಾದರಿ ಜೆ3ಆರ್180. ಚಿನ್ನದ ಬಣ್ಣದ ಕಾಂಟ್ಯಾಕ್ಟ್ ಮತ್ತು ಒಳಗೆ ಆ್ಯಂಟೆನಾ ಎರಡೂ ಇರುವ ಡ್ಯುಯಲ್ ಇಂಟರ್‌ಫೇಸ್. 60 ಜನರಿಗೆ 75 ತೆಗೆದುಕೊಳ್ಳಿ. ಮುದ್ರಣದಲ್ಲಿ, ಪ್ರಯೋಗದಲ್ಲಿ ಕೆಲವು ಹೋಗೇ ಹೋಗುತ್ತವೆ. ಟೈಪ್-ಸಿ ಕಾಂಟ್ಯಾಕ್ಟ್ ರೀಡರ್ 7: ಕಟ್ಟೆಗೊಂದರಂತೆ 5, ಕಾರ್ಡ್ ಬರೆಯುವ ಮೇಜಿಗೆ 1, ಬದಲಿಗೆ 1. ಲಿನಕ್ಸ್ ಲ್ಯಾಪ್‌ಟಾಪ್ ಒಂದು, ಅದರಲ್ಲಿ ರೀಡರ್ ನಡೆಸುವ ಪಿಸಿಎಸ್‌ಸಿ ಸೇವೆ, ಕಾರ್ಡ್ ಬಳಸುವ ಓಪನ್‌ಎಸ್‌ಸಿ, ಆಪ್ಲೆಟ್ ಹಾಕುವ ಗ್ಲೋಬಲ್‌ಪ್ಲಾಟ್‌ಫಾರ್ಮ್‌ಪ್ರೊ. ನೆಟ್‌ವರ್ಕ್‌ಗೆ ಎಂದೂ ಸೇರಿಸದ ಇನ್ನೊಂದು ಹಳೆ ಲ್ಯಾಪ್‌ಟಾಪ್ ಮೂಲ ಸಿಎಗೆ (ಸರ್ಟಿಫಿಕೇಟ್‌ಗಳಿಗೆ ಸಹಿ ಹಾಕುವ ಅಧಿಕಾರ), ಅದರ ಬ್ಯಾಕಪ್‌ಗೆ 2 ಪೆನ್‌ಡ್ರೈವ್. ಪ್ಲಾಸ್ಟಿಕ್ ಹೋಲ್ಡರ್ 60, ಕಾರ್ಡನ್ನು ಹೆಬ್ಬೆರಳಿನಿಂದ ಹೊರಗೆ ತಳ್ಳುವಂಥವು. ಲೋಹದ ಹೋಲ್ಡರ್ ಬೇಡ.

ರೀಡರ್ ಕೊಳ್ಳುವ ಮುನ್ನ ಒಂದನ್ನು ಲಿನಕ್ಸ್‌ಗೆ ಹಾಕಿ ಅದರ ಯುಎಸ್‌ಬಿ ವಿವರ ನೋಡಿ. ಇಂಟರ್‌ಫೇಸ್ ವರ್ಗ 11 ಇದ್ದರೆ ಅದು ಸಿಸಿಐಡಿ, ಅಂದರೆ ಯುಎಸ್‌ಬಿ ಕಾರ್ಡ್ ರೀಡರ್‌ಗಳ ಸಾಮಾನ್ಯ ಭಾಷೆ ಆಡುವುದು. ಫೀಚರ್ಸ್ ಎಂಬ 4 ಬೈಟ್‌ನಲ್ಲಿ 00020000 ಇದ್ದರೆ (ಇದೂ, ಮುಂದೆ ಬರುವ ಬೈಟ್‌ಗಳ ಬೆಲೆಗಳೂ ಹೆಕ್ಸ್, ಅಂದರೆ 16ರ ಆಧಾರದ ಸಂಖ್ಯೆಗಳು) ಶಾರ್ಟ್ ಎಪಿಡಿಯು (ಕಾರ್ಡ್‌ಗೆ ಕಳಿಸುವ ಆಜ್ಞೆ), 00040000 ಇದ್ದರೆ ಎಕ್ಸ್‌ಟೆಂಡೆಡ್. 00010000 ಮಾತ್ರ ಇದ್ದರೆ ರೀಡರ್ ಟಿಪಿಡಿಯು ಮಟ್ಟದ್ದು. ಆಗ ಟಿ=1 ಎಂಬ ಕಾರ್ಡ್ ಸಾಗಣೆ ವಿಧಾನದ ಚೌಕಟ್ಟು, ಸರಣಿ ಸಂಖ್ಯೆ, ಮತ್ತೆ ಕಳಿಸುವುದು ಎಲ್ಲವನ್ನೂ ನಿಮ್ಮ ಆ್ಯಪ್ಪೇ ಮಾಡಬೇಕು. ಲ್ಯಾಪ್‌ಟಾಪಿನಲ್ಲಿ ಡ್ರೈವರ್ ಅದನ್ನು ಮುಚ್ಚಿಟ್ಟುಬಿಡುವುದರಿಂದ ವ್ಯತ್ಯಾಸ ತಿಳಿಯುವುದಿಲ್ಲ, ಹ್ಯಾಂಡ್‌ಹೆಲ್ಡ್‌ನಲ್ಲಿ ತಿಳಿಯುತ್ತದೆ.

ಕಾರ್ಡ್ ಸಿದ್ಧಪಡಿಸುವುದು

ಖಾಲಿ ಜಾವಾ ಕಾರ್ಡ್ ಸಾಮಾನ್ಯವಾಗಿ ಜಗತ್ತಿಗೆಲ್ಲ ಗೊತ್ತಿರುವ ಪರೀಕ್ಷಾ ಕೀಲಿಯೊಂದಿಗೆ ಬರುತ್ತದೆ: 40ರಿಂದ 4ಎಫ್‌ವರೆಗೆ ಸಾಲಾಗಿ 16 ಬೈಟ್. ಇದನ್ನು ಬದಲಿಸದೆ ಕಾರ್ಡ್ ಹಂಚಿದರೆ, ಐದು ನಿಮಿಷ ಕಾರ್ಡ್ ಸಿಕ್ಕಿದ ಯಾರಾದರೂ ಆಪ್ಲೆಟ್ ಅಳಿಸಿ ತಮ್ಮದನ್ನು ಹಾಕಬಹುದು. ಬದಲಿಸುವಾಗ ಹೊಸ ಕೀಲಿಯನ್ನು ಕಾರ್ಡ್‌ಗೆ ಬರೆಯುವ ಮೊದಲು ದಾಖಲಿಸಿಕೊಳ್ಳಿ, ಬರೆದ ಮೇಲೆ ಅಲ್ಲ. ತಪ್ಪು ಕೀಲಿಯಲ್ಲಿ ಮತ್ತೆ ಮತ್ತೆ ಯತ್ನಿಸಿದರೆ ಕಾರ್ಡ್ ಶಾಶ್ವತವಾಗಿ ಮುಚ್ಚಿಕೊಳ್ಳುತ್ತದೆ. ಹಲವು ಕಾರ್ಡ್‌ಗಳಲ್ಲಿ ಮಿತಿ 10. ಸ್ಕ್ರಿಪ್ಟ್ ಒಂದು ಲೂಪ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಆ ಹತ್ತು ಮುಗಿಯಲು ಒಂದು ನಿಮಿಷ ಸಾಕು.

ಆಪ್ಲೆಟ್ ಪಿಐವಿ ಮಾದರಿಯದು. ಅಮೆರಿಕದ ಸರ್ಕಾರಿ ನೌಕರರ ಕಾರ್ಡ್‌ಗೆಂದು ಅಲ್ಲಿನ ಮಾನಕ ಸಂಸ್ಥೆ ಎನ್‌ಐಎಸ್‌ಟಿ ಮಾಡಿದ ಎಫ್‌ಐಪಿಎಸ್ 201 ಎಂಬ ಮಾನಕ ಇದರ ಬುಡ. 2005ರಲ್ಲಿ ಬಂತು, ಮೂರನೇ ಆವೃತ್ತಿ 2022ರದ್ದು. ಮುಕ್ತ ಆಕರದ ಪಿವ್‌ಆಪ್ಲೆಟ್, ಓಪನ್‌ಫಿಪ್ಸ್201 ಎರಡೂ ಈ ಜಾತಿಯ ಕಾರ್ಡ್ ಮೇಲೆ ಕೂರುತ್ತವೆ. ನಮಗೆ ಬೇಕಾದದ್ದು ಮೂರು ಕೀಲಿ ಜಾಗ. 9ಎ ಲಾಗಿನ್‌ಗೆ, ಪಿನ್ ಬೇಕು. 9ಡಿ ಡೇಟಾ ಕೀಲಿ ಬಿಚ್ಚಲು, ಅದಕ್ಕೂ ಪಿನ್ ಬೇಕು. 9ಇ ಕಾರ್ಡ್ ಇಲ್ಲಿದೆ ಎಂದು ತೋರಿಸಲು ಮಾತ್ರ, ಪಿನ್ ಬೇಡ. ಮೂರರಲ್ಲೂ ಪಿ-256 ಎಂಬ ಎಲಿಪ್ಟಿಕ್ ವಕ್ರದ ಕೀಲಿಯನ್ನು ಕಾರ್ಡ್ ಒಳಗೇ ಹುಟ್ಟಿಸಿ. ಆರ್‌ಎಸ್‌ಎ 2048 ಎಂಬ ಹಳೆ ವಿಧಾನ ಕೂಡ ನಡೆಯುತ್ತದೆ, ಆದರೆ ಕೀಲಿ ಹುಟ್ಟಿಸಲು ಕಾಯಬೇಕು, ಸಹಿ 256 ಬೈಟ್ ಆಗುತ್ತದೆ. ಪಿ-256ರ ಸಹಿ ಸುಮಾರು 72 ಬೈಟ್. ಕೈಯಲ್ಲಿ ಹಿಡಿದು ತಾಗಿಸುವ ಕಾರ್ಡ್‌ಗೆ ಈ ಅಂತರ ದೊಡ್ಡದು.

ಪಿವ್‌ಆಪ್ಲೆಟ್‌ನ ಕಾರ್ಖಾನೆ ಪಿನ್ 123456, ಲಾಕ್ ಆದ ಪಿನ್ ತೆರೆಯುವ ಪಿಯುಕೆ 12345678, ಕಾರ್ಡ್ ಬರೆಯಲು ಬೇಕಾದ ಆಡಳಿತ ಕೀಲಿ 01ರಿಂದ 08 ಮೂರು ಸಲ. ಮೂರನ್ನೂ ಬದಲಿಸಿ. ಆಡಳಿತ ಕೀಲಿ ಪ್ರತಿ ಕಾರ್ಡ್‌ಗೆ ಬೇರೆ ಇರಲಿ. ಪಿನ್ 6ರಿಂದ 8 ಅಂಕಿ. ನೌಕರರು ತಾವೇ ಹಾಕಿಕೊಳ್ಳಲಿ, ಕಾರ್ಡ್ ಬರೆಯುವವರು ನೋಡುವುದು ಬೇಡ.

ಸರ್ಟಿಫಿಕೇಟ್‌ನಲ್ಲಿ (ಕೀಲಿ ಯಾರದೆಂದು ಸಿಎ ಸಹಿ ಹಾಕಿದ ಪತ್ರ) ಹೆಸರಿನ ಬದಲು ನೌಕರ ಸಂಖ್ಯೆ ಇಡಿ. 9ಇಯ ಸರ್ಟಿಫಿಕೇಟನ್ನು ಪಿನ್ ಇಲ್ಲದೆ ಯಾರು ಬೇಕಾದರೂ ಓದಬಹುದು, ಅದರಲ್ಲಿ ಹೆಸರಿದ್ದರೆ ಬಸ್ಸಿನಲ್ಲಿ ಪಕ್ಕ ಕೂತವರ ಫೋನಿಗೂ ಸಿಗುತ್ತದೆ. 9ಎ ಮತ್ತು 9ಇಗೆ ಬೇರೆ ಬೇರೆ ವಿತರಕ ಸಿಎ ಇಡಿ. ಒಂದೇ ಸಿಎ, ಒಂದೇ ಹೆಸರು ಇದ್ದರೆ ಸರ್ವರ್ "ಸರ್ಟಿಫಿಕೇಟ್ ಸರಿಯಿದೆ" ಎಂದಷ್ಟೇ ನೋಡಿ ಪಿನ್ ಇಲ್ಲದ ಸಹಿಯನ್ನೂ ಪೂರ್ಣ ಲಾಗಿನ್ ಎಂದು ಒಪ್ಪಿಬಿಡುತ್ತದೆ. ಪರೀಕ್ಷೆಯಲ್ಲಿ ಎಲ್ಲ ಸರಿಯಾಗಿ ಓಡುವುದರಿಂದ ಈ ರಂಧ್ರ ಕಣ್ಣಿಗೆ ಬೀಳುವುದಿಲ್ಲ. ಬೇಕೆಂದೇ 9ಇಯಿಂದ ಪೂರ್ಣ ಲಾಗಿನ್ ಯತ್ನಿಸಿ, ಸರ್ವರ್ ತಿರಸ್ಕರಿಸುತ್ತದೆಯೇ ನೋಡಿ.

ಪಿನ್ ಏಕೆ ಎನ್‌ಎಫ್‌ಸಿ ಮೇಲೆ ಬೇಡ

ಮಾನಕವನ್ನು ಕಟ್ಟುನಿಟ್ಟಾಗಿ ಪಾಲಿಸುವ ಪಿಐವಿ ಕಾರ್ಡ್ ಬರೀ ತಾಗಿಸಿದಾಗ ಪಿನ್ ಪಡೆಯುವುದಿಲ್ಲ. 9ಎ, 9ಡಿ ಎರಡೂ ಮುಚ್ಚಿರುತ್ತವೆ, 9ಇ ಮಾತ್ರ ತೆರೆದಿರುತ್ತದೆ. ಪಿನ್ ಗಾಳಿಯಲ್ಲಿ ಬಯಲಾಗಿ ಹೋಗಬಾರದು ಎಂಬುದು ಕಾರಣ. ಇದಕ್ಕೆ ಗೂಢಲಿಪಿಯ ಸುರಂಗ ಹಾಕುವ ವ್ಯವಸ್ಥೆ ಎನ್‌ಐಎಸ್‌ಟಿಯ 2015ರ ದಾಖಲೆ ಎಸ್‌ಪಿ 800-73-4ರಲ್ಲಿ ಬಂತು, ಆದರೆ ಅದನ್ನು ಆ್ಯಪ್‌ನಲ್ಲಿ ಸರಿಯಾಗಿ ಕಟ್ಟುವುದು ದೊಡ್ಡ ಕೆಲಸ. ಆಪ್ಲೆಟ್ ಕಟ್ಟುವಾಗ ಈ ನಿರ್ಬಂಧ ತೆಗೆದುಹಾಕಲು ಸಾಧ್ಯ, ತೆಗೆಯಬೇಡಿ. ಪಾಳಿಯ ಶುರುವಿಗೆ ಕಟ್ಟೆಯಲ್ಲಿ ಕಾರ್ಡ್ ತೂರಿಸಿ ಪಿನ್ ಒತ್ತುವುದು, ಆಮೇಲೆ ಪರದೆ ಆರಿದಾಗ ತಾಗಿಸುವುದು: ಈ ಎರಡು ಹಂತ ಕೆಲಸದ ಲಯಕ್ಕೂ ಹೊಂದುತ್ತದೆ.

ಕಟ್ಟೆಯ ರೀಡರ್

ಆಂಡ್ರಾಯ್ಡ್‌ನಲ್ಲಿ ಇಂಥ ರೀಡರ್‌ಗೆಂದು ಸಿದ್ಧ ವ್ಯವಸ್ಥೆ ಇಲ್ಲ. ಆ್ಯಪ್ಪೇ ಯುಎಸ್‌ಬಿ ಹೋಸ್ಟ್ ಮೂಲಕ ಸಿಸಿಐಡಿ ಮಾತಾಡಬೇಕು. ವರ್ಗ 11ರ ಇಂಟರ್‌ಫೇಸ್ ಹುಡುಕಿ, ಹಿಡಿದುಕೊಂಡು, ಒಳ-ಹೊರ ಬಲ್ಕ್ ಎಂಡ್‌ಪಾಯಿಂಟ್ (ಡೇಟಾ ಸಾಗುವ ದಾರಿ) ತೆಗೆದುಕೊಳ್ಳಿ. ಪ್ರತಿ ಸಂದೇಶಕ್ಕೂ 10 ಬೈಟ್‌ನ ತಲೆ: ಮೊದಲು ಬಗೆ, ನಂತರ 4 ಬೈಟ್ ಉದ್ದ, ಸ್ಲಾಟ್, ಸರಣಿ, ಉಳಿದ 3. ಉದ್ದದಲ್ಲಿ ಕಿರಿಯ ಬೈಟ್ ಮೊದಲು ಬರುತ್ತದೆ. ಅದರೊಳಗಿನ ಎಪಿಡಿಯುನಲ್ಲಿ ಎರಡು ಬೈಟ್‌ನ ಉದ್ದ ಬಂದರೆ ಹಿರಿಯ ಬೈಟ್ ಮೊದಲು. ಇಲ್ಲಿ ತಿರುವುಮುರುವಾದರೆ ರೀಡರ್ ಸುಮ್ಮನೆ ಕೂರುತ್ತದೆ, ತಪ್ಪೆಂದೂ ಹೇಳುವುದಿಲ್ಲ.

62 ಕಳಿಸಿದರೆ ಕಾರ್ಡ್‌ಗೆ ವಿದ್ಯುತ್, ಉತ್ತರದಲ್ಲಿ ಎಟಿಆರ್, ಅಂದರೆ ಕಾರ್ಡ್‌ನ ಮೊದಲ ಪರಿಚಯ. 6ಎಫ್ ಕಳಿಸಿದರೆ ಎಪಿಡಿಯು ಹೋಗುತ್ತದೆ. ಉತ್ತರದ ತಲೆಯ 8ನೇ ಬೈಟ್ ಸ್ಥಿತಿ ಹೇಳುತ್ತದೆ. ಅದರ ಮೇಲಿನ ಎರಡು ಬಿಟ್ 10 ಆಗಿದ್ದರೆ "ಇನ್ನೂ ಸಮಯ ಬೇಕು" ಎಂದರ್ಥ. ಅದನ್ನು ವೈಫಲ್ಯ ಎಂದುಕೊಂಡು ಕೈಬಿಡುವ ಕೋಡ್ ಬಹಳ. ಪಿನ್ ಪರೀಕ್ಷೆ ಬೇಗ ಮುಗಿಯುವುದರಿಂದ ಅಲ್ಲಿ ತೊಂದರೆ ಕಾಣದು, ಸಹಿಯ ಹೊತ್ತಿಗೆ ಮಾತ್ರ ಆಗಾಗ ಕೈಕೊಡುತ್ತದೆ. ಆ ಬಿಟ್ ಕಂಡರೆ ಮತ್ತೆ ಓದಿ, ಹೊಸದಾಗಿ ಏನನ್ನೂ ಕಳಿಸಬೇಡಿ.

ಪಿನ್ ಆಜ್ಞೆ 00 20 00 80 08, ನಂತರ ಸರಿಯಾಗಿ 8 ಬೈಟ್. ಆರಂಕಿಯ ಪಿನ್ ಆದರೆ ಕೊನೆಯ ಎರಡು ಬೈಟ್ ಎಫ್‌ಎಫ್. ಸೊನ್ನೆ ತುಂಬಿದರೆ ಪಿನ್ ಸರಿಯಿದ್ದರೂ ಕಾರ್ಡ್ ಒಪ್ಪದು. ಅಂಕಿಗಳು 30ರಿಂದ 39ರ ನಡುವಿನ ಬೈಟ್ ಆಗಿರಬೇಕು. ಕನ್ನಡದಲ್ಲಿ ಆ್ಯಪ್ ಕೊಡುವವರು ಇಲ್ಲಿ ಎಚ್ಚರ ವಹಿಸಬೇಕು: ಕನ್ನಡ ಕೀಬೋರ್ಡಿನಲ್ಲಿ ೧ ಒತ್ತಿದರೆ ಯುಟಿಎಫ್-8ರಲ್ಲಿ ಅದೊಂದೇ 3 ಬೈಟ್, ಆರು ಅಂಕಿಗೆ 18. ಎಂಟರ ಜಾಗದಲ್ಲಿ ಅದು ಹಿಡಿಸದು. ಸಿಸ್ಟಂ ಕೀಬೋರ್ಡ್ ಬಿಟ್ಟು ಹತ್ತು ದೊಡ್ಡ ಗುಂಡಿಗಳ ಸ್ವಂತ ಪರದೆ ಬರೆಯಿರಿ. ಗುಂಡಿಯ ಮೇಲೆ ಕನ್ನಡ ಅಂಕಿ ಇರಬಹುದು, ಒಳಗೆ ಹೋಗುವ ಬೈಟ್ ನಿಮ್ಮ ಕೈಯಲ್ಲಿರಲಿ. ಗ್ಲೌಸ್ ಹಾಕಿದ ಕೈಗೂ ಅನುಕೂಲ.

ಉತ್ತರ 9000 ಬಂದರೆ ಸರಿ. 63ಸಿ2 ಬಂದರೆ ಪಿನ್ ತಪ್ಪು, ಇನ್ನು 2 ಅವಕಾಶ. ಆ ಸಂಖ್ಯೆಯನ್ನು ಪರದೆಯಲ್ಲಿ ದೊಡ್ಡದಾಗಿ ತೋರಿಸಿ. 6983 ಬಂದರೆ ಪಿನ್ ಲಾಕ್, ಮೇಲ್ವಿಚಾರಕರು ಪಿಯುಕೆಯಿಂದ ತೆರೆಯಬೇಕು. ಆ್ಯಪ್ ಪಿನ್ ನೆನಪಿಟ್ಟುಕೊಂಡು ತಾನೇ ಮರುಪ್ರಯತ್ನ ಮಾಡಕೂಡದು. ಪಿನ್ ಬದಲಿಸಿದ ಮರುದಿನ ಹಳೆಯದನ್ನೇ ಮೂರು ಸಲ ಕಳಿಸಿ ಕಾರ್ಡ್ ಲಾಕ್ ಮಾಡುವುದು ಇಂಥ "ಅನುಕೂಲ"ಗಳೇ.

ಸರ್ಟಿಫಿಕೇಟ್ ಓದುವಾಗ ಉತ್ತರ 256 ಬೈಟ್ ದಾಟುತ್ತದೆ. ಕೊನೆಯಲ್ಲಿ 61ರಿಂದ ಶುರುವಾಗುವ ಸ್ಥಿತಿ ಬಂದರೆ ಬಾಕಿ ಇದೆ ಎಂದರ್ಥ. ಸಿ0 ಆಜ್ಞೆಯಿಂದ 9000 ಬರುವವರೆಗೂ ಎಳೆಯುತ್ತಲೇ ಇರಿ. ಸಿಕ್ಕಿದ್ದರಲ್ಲಿ 70ರ ಒಳಗೆ ಸರ್ಟಿಫಿಕೇಟ್, 71ರಲ್ಲಿ ಒಂದು ಬೈಟ್. ಅದು 01 ಆಗಿದ್ದರೆ ಸರ್ಟಿಫಿಕೇಟನ್ನು ಜಿಜಿಪ್‌ನಲ್ಲಿ ಕುಗ್ಗಿಸಿಟ್ಟಿದ್ದಾರೆ, ಮೊದಲು ಬಿಚ್ಚಬೇಕು.

ಸಹಿಗೆ ಸರ್ವರ್ 32 ಬೈಟ್ ಯಾದೃಚ್ಛಿಕ ಸಂಖ್ಯೆ ಕಳಿಸುತ್ತದೆ. ಅದಕ್ಕೆ ಹ್ಯಾಂಡ್‌ಹೆಲ್ಡ್‌ನ ಗುರುತು ಸೇರಿಸಿ ಎಸ್‌ಎಚ್‌ಎ-256 ಹ್ಯಾಶ್ (32 ಬೈಟ್‌ನ ಸಾರ) ಮಾಡಿ. ಆಜ್ಞೆ: 00 87 11 9ಎ 26 7ಸಿ 24 82 00 81 20, ನಂತರ ಹ್ಯಾಶ್‌ನ 32 ಬೈಟ್, ಕೊನೆಗೆ 00. ಇಲ್ಲಿ 11 ಎಂದರೆ ಪಿ-256, 9ಎ ಕೀಲಿಯ ಜಾಗ. 6982 ಬಂದರೆ ಪಿನ್ ಇನ್ನೂ ಒಪ್ಪಿತವಾಗಿಲ್ಲ, ಇಲ್ಲವೇ ನಡುವೆ ಯಾರೋ ಕಾರ್ಡ್ ಎಳೆದು ಹಾಕಿದ್ದಾರೆ.

ಕೀಲಿ ಎಲ್ಲಿರುತ್ತದೆ

ಹ್ಯಾಂಡ್‌ಹೆಲ್ಡ್‌ನ ಡೇಟಾಬೇಸ್ ಒಂದು 256 ಬಿಟ್ ಕೀಲಿಯಿಂದ ಗೂಢಲಿಪಿಯಲ್ಲಿರುತ್ತದೆ. ಆ ಕೀಲಿಯನ್ನು ನೌಕರರ 9ಡಿ ಸಾರ್ವಜನಿಕ ಕೀಲಿಗೆ ಕಟ್ಟಿ ಡಿಸ್ಕಿನಲ್ಲಿಡಿ: ಒಮ್ಮೆ ಬಳಸುವ ಪಿ-256 ಜೋಡಿ ಹುಟ್ಟಿಸಿ, ಇಸಿಡಿಎಚ್ (ಎರಡು ಕೀಲಿಯಿಂದ ಒಂದೇ ಗುಟ್ಟು ಹುಟ್ಟಿಸುವ ಲೆಕ್ಕ) ಮಾಡಿ, ಬಂದ ಗುಟ್ಟಿನಿಂದ ಕೀಲಿ ಕಟ್ಟಿ, ಖಾಸಗಿ ಭಾಗ ಎಸೆಯಿರಿ. ಬಿಚ್ಚಲು ಆ ಜೋಡಿಯ ಸಾರ್ವಜನಿಕ ಬಿಂದುವನ್ನು, 04ರಿಂದ ಶುರುವಾಗುವ 65 ಬೈಟ್, 85ರ ಗುರುತಿನಡಿ ಕಾರ್ಡ್‌ಗೆ ಕೊಟ್ಟರೆ 32 ಬೈಟ್ ಗುಟ್ಟು ಹೊರಬರುತ್ತದೆ. ಅದನ್ನು ನೇರ ಬಳಸದೆ ಎಚ್‌ಕೆಡಿಎಫ್ (ಗುಟ್ಟಿನಿಂದ ಕೀಲಿ ತೆಗೆಯುವ ವಿಧಾನ) ದಾಟಿಸಿ. ಕೋಲ್ಡ್ ಸ್ಟೋರೇಜ್‌ನಂಥ ವೈಫೈ ಸಿಗದ ಕಡೆಯೂ ಇದು ಓಡುತ್ತದೆ, ಸರ್ವರ್ ಬೇಕಿಲ್ಲ.

ಬಿಚ್ಚಿದ ಕೀಲಿ ರ‍್ಯಾಮ್‌ನಲ್ಲಿ ಮಾತ್ರ ಇರಲಿ. ಪರದೆ 5 ನಿಮಿಷಕ್ಕೆ ಆರಿದರೆ ತಾಗಿಸಿ ತೆರೆಯಬಹುದು; 30 ನಿಮಿಷ ಮುಟ್ಟದಿದ್ದರೆ ಕೀಲಿ ಅಳಿಸಿ, ಮತ್ತೆ ಕಟ್ಟೆಗೆ ಬರಬೇಕು. ಮೊದಲ ಅರ್ಧ ಗಂಟೆ ಕೀಲಿ ಮೆಮೊರಿಯಲ್ಲೇ ಉಳಿಯುತ್ತದೆ ಎನ್ನುವುದು ನಿಜವಾದ ರಾಜಿ; ಔಷಧಿ, ಆಭರಣದಂಥ ಸರಕಿದ್ದರೆ ಅವಧಿ ಕಡಿಮೆ ಮಾಡಿ. ಆಂಡ್ರಾಯ್ಡ್ ಆ್ಯಪ್ಪನ್ನು ಹಿನ್ನೆಲೆಯಲ್ಲಿ ಕೊಂದರೂ ಕೀಲಿ ಹೋಗುತ್ತದೆ, ಆದ್ದರಿಂದ ಫೋರ್‌ಗ್ರೌಂಡ್ ಸರ್ವಿಸ್ ಬೇಕು. ಪಾಳಿ ನಡುವೆ ಬ್ಯಾಟರಿ ಬದಲಿಸಿದಾಗ ರೀಬೂಟ್ ಆಗುವ ಮಾದರಿಯಾದರೆ ಮತ್ತೆ ಪಿನ್ ಬೇಕಾಗುತ್ತದೆ. ಇದನ್ನು ನೌಕರರಿಗೆ ಮೊದಲೇ ಹೇಳಿಡಿ, ಇಲ್ಲವಾದರೆ "ಕಾರ್ಡ್ ಕೆಟ್ಟಿದೆ" ಎಂಬ ದೂರು ಬರುತ್ತಲೇ ಇರುತ್ತದೆ.

ತಾಗಿಸುವ ಭಾಗ

ಎನ್‌ಎಫ್‌ಸಿಯನ್ನು ರೀಡರ್ ಮೋಡ್‌ನಲ್ಲಿ ತೆರೆಯಿರಿ, ಎನ್‌ಡೆಫ್ (ಎನ್‌ಎಫ್‌ಸಿ ಟ್ಯಾಗ್‌ನ ಸಂದೇಶ) ತಪಾಸಣೆ ಬಿಡುವ ಆಯ್ಕೆ ಹಾಕಿ. ಹಾಕದಿದ್ದರೆ ಆಂಡ್ರಾಯ್ಡ್ ಮೊದಲು ತನ್ನ ಪ್ರಶ್ನೆಗಳನ್ನು ಕಾರ್ಡ್‌ಗೆ ಕೇಳಿ ಹೊತ್ತು ಕಳೆಯುತ್ತದೆ, ಅಷ್ಟರಲ್ಲಿ ಕೈ ಅಲುಗಿರುತ್ತದೆ. ಕಾಯುವ ಮಿತಿಯನ್ನು 3 ಸೆಕೆಂಡಿಗೆ ಏರಿಸಿ. ತಾಗಿಸಿದಾಗ ಬರುವ 9ಇಯ ಸಹಿಯನ್ನು ಪಾಳಿ ತೆರೆದಿರುವ ಅದೇ ಹ್ಯಾಂಡ್‌ಹೆಲ್ಡ್ ಮಾತ್ರ ಒಪ್ಪಬೇಕು. ಕ್ಯಾಂಟೀನಿನಲ್ಲಿ ಯಾರದೋ ಕಾರ್ಡ್ ಪಕ್ಕ ಫೋನ್ ಹಿಡಿದು ಸಂದೇಶ ದಾಟಿಸಿ ಬೇರೆ ಕಡೆ ಲಾಗಿನ್ ಆಗುವ ದಾರಿ ಹಾಗೆ ಮುಚ್ಚುತ್ತದೆ.

ಆ್ಯಂಟೆನಾ ಎಲ್ಲಿದೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಕೆಲವದರಲ್ಲಿ ಬೆನ್ನಿಗೆ, ಕೆಲವದರಲ್ಲಿ ಪರದೆಯ ಹಿಂದೆ. ಕಾರ್ಡನ್ನು ನಿಧಾನ ಜಾರಿಸಿ ಜಾಗ ಹುಡುಕಿ, ಅಲ್ಲೊಂದು ಸ್ಟಿಕ್ಕರ್ ಅಂಟಿಸಿ. ಕೈಪಟ್ಟಿಯ ಲೋಹದ ಕೊಂಡಿ ಆ ಜಾಗಕ್ಕೆ ಬಂದರೆ ಓದುವುದಿಲ್ಲ. ಒಂದೇ ಹೋಲ್ಡರಿನಲ್ಲಿ ನಮ್ಮ ಮೆಟ್ರೊ ಕಾರ್ಡೋ ಬ್ಯಾಂಕ್ ಕಾರ್ಡೋ ಇದ್ದರೆ ಒಮ್ಮೆ ಇದು, ಒಮ್ಮೆ ಅದು ಸಿಗುತ್ತದೆ. ಪಿಐವಿ ಆಪ್ಲೆಟ್ ಆಯ್ದಾಗ 6ಎ82 ಬಂದರೆ ಬೇರೆ ಕಾರ್ಡ್ ಸಿಕ್ಕಿದೆ ಎಂದು ಪರದೆಯಲ್ಲಿ ಹೇಳಿ.

ಕೈಕೊಡುವ ಜಾಗಗಳು

ತೂರಿಸಿದರೆ ಕೆಲಸ ಮಾಡುತ್ತದೆ, ತಾಗಿಸಿದರೆ ಸತ್ತಂತಿದೆ ಎಂದಾದರೆ ಆ್ಯಂಟೆನಾ ತುಂಡಾಗಿದೆ. ಕೊರಳಪಟ್ಟಿಗೆಂದು ಕಾರ್ಡ್‌ಗೆ ರಂಧ್ರ ಹೊಡೆದದ್ದೇ ಹೆಚ್ಚಿನ ಸಲ ಕಾರಣ. ಬಿಳಿ ಕಾರ್ಡ್ ಹಿಂದೆ ಟಾರ್ಚ್ ಹಿಡಿದರೆ ಅಂಚಿನ ಗುಂಟ ಸುತ್ತಿದ ತೆಳು ತಂತಿಯ ನೆರಳು ಕಾಣುತ್ತದೆ, ರಂಧ್ರ ಅದನ್ನು ಎಲ್ಲಿ ಕಡಿದಿದೆ ಎಂಬುದೂ ಕಾಣುತ್ತದೆ. ರಿಪೇರಿ ಇಲ್ಲ. ಹೋಲ್ಡರ್ ಕೊಂಡದ್ದು ಇದಕ್ಕೇ.

ತಾಗಿಸಿದರೆ ಸರಿ, ತೂರಿಸಿದರೆ ಎಟಿಆರ್ ಇಲ್ಲ ಎಂದಾದರೆ ಧೂಳು. ಕಾಂಟ್ಯಾಕ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಮೆತ್ತನೆ ಬಟ್ಟೆಯಿಂದ ಒರೆಸಿ. ಒಂದೇ ಕಟ್ಟೆಯಲ್ಲಿ ಎಲ್ಲರಿಗೂ ಹೀಗಾದರೆ ರೀಡರಿನ ಸ್ಪ್ರಿಂಗ್‌ಗಳನ್ನು ನೋಡಿ. ರೀಡರನ್ನು ಹ್ಯಾಂಡ್‌ಹೆಲ್ಡ್‌ಗೆ ನೇರ ಚುಚ್ಚಬೇಡಿ; ಕಟ್ಟೆಗೆ ಸ್ಕ್ರೂ ಹಾಕಿ ಕೂರಿಸಿ ಗಿಡ್ಡ ಕೇಬಲ್ ಕೊಡಿ. ಟೈಪ್-ಸಿ ಕನೆಕ್ಟರ್ 10,000 ಸಲ ಹಾಕಿ ತೆಗೆಯಲು ತಾಳುವಂತೆ ಮಾಡಿದ್ದು. ದಿನಕ್ಕೆ ಮೂರರಂತೆ ಒಂಬತ್ತು ವರ್ಷ ಬರಬೇಕು, ಆದರೆ ಅಡ್ಡ ಎಳೆತಕ್ಕೆ ಅದು ಬಹಳ ಮೊದಲೇ ಸಡಿಲಾಗುತ್ತದೆ. ಚಾರ್ಜಿಂಗನ್ನು ಕ್ರೇಡಲ್‌ನ (ಸಾಧನ ಕೂರಿಸುವ ತೊಟ್ಟಿಲು) ಲೋಹದ ಪಿನ್‌ಗಳಿಂದ ಮಾಡಿ. ಕ್ರೇಡಲ್‌ನಲ್ಲಿ ಕೂತಾಗ ಯುಎಸ್‌ಬಿ ಹೋಸ್ಟ್ ಆರಿಹೋಗುವ ಮಾದರಿಗಳೂ ಇವೆ. ಕೊಳ್ಳುವ ಮುನ್ನ ಒಂದನ್ನು ಕೂರಿಸಿ ನೋಡಿ.

ಒಂದೇ ಹ್ಯಾಂಡ್‌ಹೆಲ್ಡ್‌ನಲ್ಲಿ ಎಲ್ಲರ ಕಾರ್ಡೂ "ಇನ್ನೂ ಜಾರಿಗೆ ಬಂದಿಲ್ಲ" ಎಂದರೆ ಗಡಿಯಾರ ಹಿಂದೆ ಬಿದ್ದಿದೆ. ಬ್ಯಾಟರಿ ಪೂರ್ತಿ ಇಳಿದ ಮೇಲೆ ಹೀಗಾಗುತ್ತದೆ. ಎಲ್ಲ ಹ್ಯಾಂಡ್‌ಹೆಲ್ಡ್‌ಗಳಲ್ಲೂ ಎಲ್ಲರಿಗೂ ಒಟ್ಟಿಗೆ ಬಾಗಿಲು ಮುಚ್ಚಿದರೆ ರದ್ದತಿ ಪಟ್ಟಿಯ (ರದ್ದಾದ ಸರ್ಟಿಫಿಕೇಟ್‌ಗಳ ಪಟ್ಟಿ) ಅವಧಿ ಮುಗಿದಿರುತ್ತದೆ, ಹೊಸದನ್ನು ಹೊರಡಿಸಲು ಯಾರೋ ಮರೆತಿರುತ್ತಾರೆ. ಪಟ್ಟಿಗೆ 7 ದಿನದ ಆಯಸ್ಸು ಇಟ್ಟು, ದಿನವೂ ತಾನಾಗಿ ಹೊಸದು ಹೊರಡುವಂತೆ ಮಾಡಿ. 3 ದಿನ ಉಳಿದಾಗಲೂ ಹೊಸದು ಬರದಿದ್ದರೆ ಮೇಲ್ವಿಚಾರಕರ ಫೋನಿಗೆ ಸಂದೇಶ ಹೋಗಲಿ.

ಕಾರ್ಡ್ ಕಳೆದಾಗ ಮೊದಲು ಸರ್ವರಿನಲ್ಲಿ ಆ ನೌಕರರ ತೆರೆದ ಪಾಳಿ ಮುಚ್ಚಿ, ಆಮೇಲೆ ಸರ್ಟಿಫಿಕೇಟ್ ರದ್ದು ಮಾಡಿ. ಹಿಂದುಮುಂದಾದರೆ ಪಟ್ಟಿ ತಲುಪುವವರೆಗೂ ತಾಗಿಸಿ ತೆರೆಯುವುದು ನಡೆಯುತ್ತಿರುತ್ತದೆ. ಹೊಸ ಕಾರ್ಡ್‌ನಲ್ಲಿ ಮೂರೂ ಕೀಲಿ ಹೊಸದಾಗಿ ಹುಟ್ಟಿಸಿ. ಹಳೆಯ 9ಡಿಗೆ ಕಟ್ಟಿದ, ಇನ್ನೂ ಸರ್ವರಿಗೆ ಹೋಗದ ಸ್ಕ್ಯಾನ್‌ಗಳು ಆ ಕಾರ್ಡ್ ಜೊತೆಗೇ ಹೋಗುತ್ತವೆ. ಅದನ್ನು ತಪ್ಪಿಸಲು 9ಡಿಯ ನಕಲು ಎಲ್ಲೋ ಇಡುವುದಕ್ಕಿಂತ, ವೈಫೈ ಸಿಕ್ಕಾಗಲೆಲ್ಲ ಸಿಂಕ್ ಆಗುವಂತೆ ಮಾಡಿ, ಸ್ಕ್ಯಾನ್ ಕಳೆದುಹೋದ ಸರಕಿನ ಸಾಲಿನ ಎಣಿಕೆಯನ್ನು ಮತ್ತೆ ಮಾಡುವುದು ಅಗ್ಗ.